ತಲಪಾಡಿಯ ಸಾಲು, ತೋಡಿನ ಕಟ್ಟ

ನಮ್ಮ ಮನೆಯ ಜಗಲಿಯಲ್ಲಿ ತೀರ್ಥರೂಪರ ಕಾಲದ ರೇಡಿಯೋ ಇದ್ದ ಮರದ ಹಲಗೆಯ ಮೇಲೆ ಈಗ ಎರಡು ಕೊಂಬುಗಳುಳ್ಳ ಬಿಳಿಯ ಪೆಟ್ಟಿಗೆಯೊಂದು ಕುಳಿತಿದೆ. ರೇಡಿಯೋ ಹಾಡುತ್ತಿತ್ತು, ವಾರ್ತೆ ಓದುತ್ತಿತ್ತು, ಸಂಜೆ ಏಳಕ್ಕೆ ನೆರೆಹೊರೆಯವರನ್ನು ಅಂಗಳಕ್ಕೆ ಕರೆಯುತ್ತಿತ್ತು. ಇದು ಏನನ್ನೂ ಹೇಳುವುದಿಲ್ಲ. ಹಗಲಿರುಳು ಹಸಿರು ದೀಪವೊಂದನ್ನು ಮಿಣುಕಿಸುತ್ತ ಮೂಕವಾಗಿ ಇರುತ್ತದೆ. ಬಂದ ನೆಂಟರು “ಇದು ಯಾವ ಕಂಪೆನಿಯದು?” ಎಂದು ಕೇಳಿದರೆ ನಾವು ತುಸು ತಡವರಿಸುತ್ತೇವೆ. ಪೆಟ್ಟಿಗೆಯೇನೋ ಒಂದು ಕಂಪೆನಿಯದೇ. ಆದರೆ ಒಳಗಿರುವ ಜೀವ ಯಾವ ಕಂಪೆನಿಯದೂ ಅಲ್ಲ. ಅದು ಯಾರದು ಎಂಬುದನ್ನು ಹೇಳಲು ಹೊರಟರೆ ನೆಂಟರ ಕಾಫಿ ಆರಿ ಹೋಗುತ್ತದೆ. ಆದುದರಿಂದ ಇಲ್ಲಿ ಬರೆಯುತ್ತಿದ್ದೇವೆ. ಓದುಗರಿಗೆ ಬಿಡುವಿರಬಹುದು.

ನಾವೆಂದರೆ ಎಪ್ಪತ್ತರ ಅಂಚಿನಲ್ಲಿರುವ ದಂಪತಿಗಳು. ಕಾಸರಗೋಡಿನ ಒಳನಾಡಿನಲ್ಲಿ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ನಮ್ಮದೊಂದು ಅಡಕೆಯ ತೋಟ. ೧೯೫೬ರ ನವೆಂಬರ ಒಂದರಂದು ಈ ನೆಲ ಕೇರಳಕ್ಕೆ ಸೇರಿತು. ನಮ್ಮ ಆಸ್ಪತ್ರೆ, ನಮ್ಮ ಮದುವೆಯ ಜವಳಿ, ನಮ್ಮ ಮಕ್ಕಳ ಕಾಲೇಜು ಎಲ್ಲವೂ ಮಂಗಳೂರಿನಲ್ಲಿಯೇ ಉಳಿದವು. ನಮ್ಮಲ್ಲೊಬ್ಬರಿಗೆ ಹೃದಯದ ಕಾಯಿಲೆ. ಯಾರಿಗೆಂಬುದು ಇಲ್ಲಿ ಮುಖ್ಯವಲ್ಲ. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದವರಿಗೆ ಕಾಯಿಲೆಯೂ ಹೆಚ್ಚುಕಡಿಮೆ ಕೂಡುಕುಟುಂಬದ ಆಸ್ತಿಯೇ.

೨೦೨೦ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಮಂಗಳೂರಿನಲ್ಲಿರುವ ಮಗಳು ತನ್ನ ಒಂಬತ್ತು ವರ್ಷದ ಮಗನನ್ನು ನಾಲ್ಕು ದಿನದ ಮಟ್ಟಿಗೆ ಅಜ್ಜನ ಮನೆಗೆ ಬಿಟ್ಟು ಹೋದಳು. ಆ ವಾರವೇ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳ ಮೇಲೆಯೂ ಮಣ್ಣು ಬಿತ್ತು. ಐವತ್ತು ಕಿಲೋಮೀಟರಿನ ಆಚೆ ಮಗಳು, ಈಚೆ ಮೊಮ್ಮಗ. ಆ ದಿನಗಳಲ್ಲಿ ಮಂಗಳೂರಿನ ದಾರಿ ದೊರೆಯದೆ ಈ ಜಿಲ್ಲೆಯ ರೋಗಿಗಳು ಸತ್ತುದನ್ನು ಓದುಗರಲ್ಲಿ ಅನೇಕರು ಮರೆತಿರಲಾರರು. ನಾವು ಮರೆತಿಲ್ಲ. ಆದರೆ ಇಂದಿನ ಮಾತು ಆ ದಾರಿಯದಲ್ಲ. ಆ ದಾರಿ ಮುಚ್ಚಿದಾಗ ನಮಗೆ ಉಳಿದಿದ್ದ ಇನ್ನೊಂದು ದಾರಿಯದು.

ತಗ್ಗಿನಲ್ಲಿರುವ ನಮ್ಮ ಮನೆಗೆ ಮೊಬೈಲಿನ ಅಲೆ ಬರುವುದಿಲ್ಲ. ಗುಡ್ಡ ಹತ್ತಿದರೆ ಮಾತ್ರ ಸಿಗುತ್ತದೆ. ಮನೆಯಲ್ಲಿರುವುದು ಕಂಬದಿಂದ ಕಂಬಕ್ಕೆ ಎಳೆದು ತಂದ ಒಂದು ಎಳೆಯ ಇಂಟರ್ನೆಟ್. ಅದರ ಮೂಲಕವೇ ಮಗಳ ಮುಖ, ಮೊಮ್ಮಗನ ಪಾಠ, ವೈದ್ಯರ ಸಲಹೆ ಎಲ್ಲವೂ ಬರಬೇಕು. ಜುಲೈಯ ಒಂದು ರಾತ್ರಿ, ಜಡಿಮಳೆಯಲ್ಲಿ, ಉಸಿರಾಟದ ತೊಂದರೆ ಹೆಚ್ಚಿತು. ಮಂಗಳೂರಿನ ವೈದ್ಯರು ಕರುಣೆಯಿಂದ ವಿಡಿಯೋ ಕರೆಗೆ ಬಂದರು. ಕಾಲಿನ ಬಾವನ್ನು ತೋರಿಸಲು ಹೇಳಿದರು, ತೋರಿಸಿದೆವು. ಆಮೇಲೆ ಗುಳಿಗೆಯ ವಿಷಯ ಹೇಳತೊಡಗಿದರು. ಹೇಳುತ್ತಿದ್ದಂತೆ ಅವರ ಮುಖ ಕಲ್ಲಿನಲ್ಲಿ ಕೆತ್ತಿದಂತೆ ನಿಂತುಬಿಟ್ಟಿತು. ಧ್ವನಿ ರಬ್ಬರಿನಂತೆ ಎಳೆದು, ಕಡಿದು, ಮೌನವಾಯಿತು. ಆ ಬಿಳಿಯ ಗುಳಿಗೆಯನ್ನು ಎರಡು ಮಾಡಬೇಕೆಂದರೋ, ಅರ್ಧ ಮಾಡಬೇಕೆಂದರೋ ಇಬ್ಬರಿಗೂ ತಿಳಿಯಲಿಲ್ಲ. ಒಬ್ಬರಿಗೆ ಒಂದು ಕೇಳಿಸಿತ್ತು, ಇನ್ನೊಬ್ಬರಿಗೆ ಮತ್ತೊಂದು. ಕೊನೆಗೆ ಉಸಿರು ಸರಿಯಿದ್ದವರು ಕೊಡೆ, ಟಾರ್ಚು ಹಿಡಿದು, ಜಿಗಣೆಗಳಿಗೆ ಕಾಲೊಪ್ಪಿಸಿ ಗುಡ್ಡ ಹತ್ತಿ ಫೋನು ಮಾಡಿ ಬರಬೇಕಾಯಿತು. ಅರ್ಧವೆಂದೇ ಹೇಳಿದ್ದರು.

ಆ ಹೊತ್ತಿನಲ್ಲಿ ಒಳಕೋಣೆಯಲ್ಲಿ ಏನು ನಡೆದಿತ್ತೆಂದರೆ, ಮೊಮ್ಮಗ ತಾನು ಪದ್ಯ ಹೇಳುವ ವಿಡಿಯೋವನ್ನು ಶಾಲೆಗೆ ಕಳುಹಿಸುತ್ತಿದ್ದ. ಅವನ ಪದ್ಯಕ್ಕೂ ನಮ್ಮ ಗುಳಿಗೆಗೂ ಸಂಬಂಧವಿದೆಯೆಂದು ನಮಗೆ ಹೊಳೆಯಲಿಲ್ಲ. ಇಂಟರ್ನೆಟ್ ಒದಗಿಸುವವರನ್ನು ಕೇಳಿದಾಗ ಹೆಚ್ಚಿನ ವೇಗದ ಯೋಜನೆಗೆ ಹಣ ಕಟ್ಟಿರೆಂದರು. ಕಟ್ಟಿದೆವು. ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚಾಯಿತು. ಮುಖಗಳು ಕಲ್ಲಾಗುವುದು ನಿಲ್ಲಲಿಲ್ಲ.

ನಮ್ಮ ಸೋದರಳಿಯ ಆಗ ಇಂಜಿನಿಯರಿಂಗ್ ಓದುತ್ತಿದ್ದ. ಕಾಲೇಜು ಮುಚ್ಚಿದ್ದರಿಂದ ತೋಡಿನ ಆಚೆಯ ತನ್ನ ಮನೆಯಲ್ಲಿದ್ದ. ಸಂಕ ದಾಟಿ ಬಂದವನು ತನ್ನ ಗಣಕಯಂತ್ರವನ್ನು ತೆರೆದು ಏನೋ ಅಳತೆ ಹಿಡಿದ. ಸುಮ್ಮನಿರುವಾಗ ಒಂದು ಸಣ್ಣ ಸಂದೇಶ ಹೋಗಿ ಬರಲು ಮೂವತ್ತು ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಮೂವತ್ತು ಪಾಲು. ಮೊಮ್ಮಗನ ವಿಡಿಯೋ ಹೊರಡುತ್ತಿದ್ದಂತೆ ಅದು ಸಾವಿರದ ನಾನ್ನೂರು ದಾಟಿತು.

“ಮಾವ, ನಿಮ್ಮ ರಸ್ತೆ ಕಿರಿದಾಗಿರುವುದು ತೊಂದರೆಯಲ್ಲ. ಗಡಿಯಲ್ಲಿ ಸಾಲು ನಿಲ್ಲುತ್ತಿದೆ,” ಎಂದ.

ಗಡಿಯ ಸಾಲೆಂದರೆ ಈ ನಾಡಿನವರಿಗೆ ವಿವರಣೆ ಬೇಡ. ೨೦೧೭ರಲ್ಲಿ ಹೊಸ ತೆರಿಗೆ ಬರುವ ಮೊದಲು ಮಂಜೇಶ್ವರದ ತನಿಖಾ ಠಾಣೆಯ ಮುಂದೆ ಲಾರಿಗಳು ಹೇಗೆ ನಿಲ್ಲುತ್ತಿದ್ದವೆಂಬುದನ್ನು ಕಂಡವರೇ ನಾವೆಲ್ಲ. ಎರಡೂ ಕಡೆಯ ಹೆದ್ದಾರಿ ಎಷ್ಟು ಅಗಲವಿದ್ದರೇನು, ಎಲ್ಲ ಗಾಡಿಗಳೂ ಒಂದು ಕಿರಿದಾದ ಬಾಗಿಲಿನಲ್ಲಿ ನುಗ್ಗಬೇಕಾದರೆ ಸಾಲು ಅಲ್ಲಿಯೇ ಬೆಳೆಯುತ್ತದೆ. ಇಂಟರ್ನೆಟ್ಟಿನಲ್ಲಿಯೂ ಹಾಗೆಯೇ. ಮಾತು, ಚಿತ್ರ, ಪಾಠ ಯಾವುದೇ ಇರಲಿ, ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹಿಸುತ್ತಾರೆ. ಮನೆಯ ಒಳಗಿನ ದಾರಿ ಅಗಲ. ಮನೆಯಿಂದ ಹೊರಗೆ ಹೋಗುವ ಎಳೆ ಕಿರಿದು. ಎರಡರ ನಡುವೆ ಈ ಪೆಟ್ಟಿಗೆ. ಹೊರಗೆ ಜಾಗವಿಲ್ಲದಾಗ ಅದು ಪೊಟ್ಟಣಗಳನ್ನು ತನ್ನ ನೆನಪಿನ ಉಗ್ರಾಣದಲ್ಲಿ ಪೇರಿಸಿಟ್ಟುಕೊಳ್ಳುತ್ತದೆ. ನೆನಪಿನ ಚಿಪ್ಪು ಅಗ್ಗವಾದ ಮೇಲೆ ತಯಾರಕರು ಉಗ್ರಾಣವನ್ನು ಹಿಗ್ಗಿಸುತ್ತ ಹೋದರು. ಒಂದು ಪೊಟ್ಟಣವೂ ಕಳೆಯಬಾರದೆಂಬ ಸದುದ್ದೇಶ. ಫಲವೇನಾಯಿತೆಂದರೆ ಮೊಮ್ಮಗನ ಪದ್ಯದ ಸಾವಿರ ಲಾರಿಗಳ ಹಿಂದೆ ನಮ್ಮ ವೈದ್ಯರ ಕರೆ ಎಂಬ ಅಂಬುಲೆನ್ಸು ಸೈರನ್ನು ಹಾಕಿಕೊಂಡು ನಿಂತಿತ್ತು.

ಕಳೆಯಬಾರದೆಂಬುದೇ ದೋಷ ಎಂಬ ಮಾತು ನಮಗೆ ಮೊದಲು ಒಪ್ಪಿಗೆಯಾಗಲಿಲ್ಲ. ಅಳಿಯ ತಾಳ್ಮೆಯಿಂದ ತಿಳಿಸಿದ. ಕಳುಹಿಸುವ ಯಂತ್ರಕ್ಕೆ ಮುಂದೆ ದಾರಿ ಕಿರಿದಾಗಿದೆಯೆಂದು ತಿಳಿಯಲು ಸಾಮಾನ್ಯವಾಗಿ ಇರುವ ಸೂಚನೆ ಒಂದೇ: ಆಗೊಂದು ಈಗೊಂದು ಪೊಟ್ಟಣ ತಲುಪದೆ ಹೋಗುವುದು. ತಲುಪದಿದ್ದರೆ ಅದು ವೇಗ ತಗ್ಗಿಸುತ್ತದೆ; ಕಳೆದುದನ್ನು ಮತ್ತೆ ಕಳುಹಿಸುತ್ತದೆ. ಉಗ್ರಾಣ ಎಲ್ಲವನ್ನೂ ನುಂಗುತ್ತಿದ್ದರೆ ಆ ಸೂಚನೆ ಬರುವುದೇ ಇಲ್ಲ. ಬರುವ ಹೊತ್ತಿಗೆ ಸಾಲು ಮೈಲುಗಟ್ಟಲೆಯಾಗಿರುತ್ತದೆ. ಕೋಡಿಯಿಲ್ಲದ ಕಟ್ಟದಂತೆ ಎಂದ ಮೇಲೆ ನಮಗೆ ಅರ್ಥವಾಯಿತು. ನೀರು ತುಸು ಹರಿದುಹೋಗಲು ಎಡೆಯಿಡದೆ ಕಟ್ಟ ಕಟ್ಟಿದವನು ಕಟ್ಟವನ್ನೇ ಕಳೆದುಕೊಳ್ಳುತ್ತಾನೆ.

ಅವನು ಮಾಡಿದುದಿಷ್ಟೆ. ಹಳೆಯ ಪೆಟ್ಟಿಗೆಯೊಂದನ್ನು ತಂದ. ತಯಾರಕರು ಅದರ ಯೋಗಕ್ಷೇಮವನ್ನು ಎಂದೋ ಬಿಟ್ಟಿದ್ದರು. ಅದರೊಳಗಿನ ಕಂಪೆನಿಯ ತಂತ್ರಾಂಶವನ್ನು ಅಳಿಸಿ ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಬೇರೊಂದನ್ನು ತುಂಬಿದ. ಕಂಪೆನಿಯ ಎಳೆಯ ವೇಗಕ್ಕಿಂತ ತುಸು ಕಡಿಮೆಗೆ ಅದನ್ನು ಹೊಂದಿಸಿದ. “ಇನ್ನು ಸಾಲು ಅವರ ಉಗ್ರಾಣದಲ್ಲಿ ನಿಲ್ಲುವುದಿಲ್ಲ, ನಮ್ಮ ಅಂಗಳದಲ್ಲಿ ನಿಲ್ಲುತ್ತದೆ. ನಮ್ಮ ಅಂಗಳದಲ್ಲಿ ಯಾರನ್ನು ಮೊದಲು ಬಿಡಬೇಕೆಂದು ನಾವೇ ನೋಡಿಕೊಳ್ಳಬಹುದು ಅತ್ತೆ,” ಎಂದ. ಆಮೇಲೆ ಮೊಮ್ಮಗನಿಂದ ಮೂರು ಪದ್ಯಗಳನ್ನು ಒಟ್ಟಿಗೆ ಕಳುಹಿಸಿ ಅಳೆದ. ನಲವತ್ತು ಮಿಲಿಸೆಕೆಂಡನ್ನು ದಾಟಲಿಲ್ಲ. ಹೆಚ್ಚು ಕಟ್ಟುತ್ತಿದ್ದ ಇನ್ನೂರು ರೂಪಾಯಿಯನ್ನು ಮರುತಿಂಗಳು ನಿಲ್ಲಿಸಿದೆವು.

ಎಷ್ಟಾಯಿತೆಂದು ಕೇಳಿದೆವು. ಏನೂ ಇಲ್ಲವೆಂದ. ಕೊಡುವವರು ಯಾರೆಂದು ಕೇಳಿದೆವು. ಅಲ್ಲಿಂದ ಈ ಕಥೆಯ ಇನ್ನೊಂದು ಭಾಗ ತೆರೆಯಿತು. ಆ ಮಳೆಗಾಲವಿಡೀ ಸಂಜೆಯ ಹೊತ್ತು ಅವನು ಬಂದು ಒಂದೊಂದು ಅಧ್ಯಾಯ ಹೇಳಿ ಹೋಗುತ್ತಿದ್ದ. ನಾವು ಹಲಸಿನ ಹಪ್ಪಳ ಸುಟ್ಟು ಕೊಡುತ್ತಿದ್ದೆವು.

ಇಂಟರ್ನೆಟ್ ಇನ್ನೂ ಎಳೆಯದಾಗಿದ್ದ ೧೯೮೬ರ ಅಕ್ಟೋಬರದಲ್ಲಿ ಅಮೆರಿಕದ ಬರ್ಕಲಿಯ ಪ್ರಯೋಗಾಲಯಕ್ಕೂ ಅಲ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಎಳೆ ಕುಸಿದುಬಿದ್ದಿತಂತೆ. ನಡುವಿನ ಅಂತರ ಬರಿಯ ೪೦೦ ಗಜ. ಸೆಕೆಂಡಿಗೆ ೩೨,೦೦೦ ಬಿಟ್ಟುಗಳು ಹರಿಯುತ್ತಿದ್ದಲ್ಲಿ ೪೦ ಬಿಟ್ಟುಗಳಷ್ಟೇ ಹರಿದವು. ಎಲ್ಲ ಯಂತ್ರಗಳೂ ದಾರಿ ತುಂಬಿದೆಯೆಂದು ಅರಿಯದೆ ಕಳುಹಿಸಿದುದನ್ನೇ ಮತ್ತೆ ಮತ್ತೆ ಕಳುಹಿಸುತ್ತಿದ್ದುದೇ ಕಾರಣ. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಮೈಕ್ ಕ್ಯಾರಲ್ಸ್‌ರೊಂದಿಗೆ ಸೇರಿ ಅದಕ್ಕೆ ಮದ್ದು ಹುಡುಕಿದರು: ದಾರಿ ತುಂಬಿದ ಸೂಚನೆ ಬಂದರೆ ಹಿಂದೆಗೆ, ಮೆಲ್ಲನೆ ಮುಂದುವರಿ. ೧೯೮೮ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ತಂತ್ರಾಂಶವನ್ನೂ ಎಲ್ಲರಿಗೆ ಬಿಟ್ಟುಕೊಟ್ಟರು. ಯಂತ್ರಗಳ ಈ ಸೌಜನ್ಯದ ಮೇಲೆಯೇ ಇಂಟರ್ನೆಟ್ ಇಂದಿಗೂ ನಿಂತಿದೆ.

ಕಾಲು ಶತಮಾನ ಕಳೆಯುವಷ್ಟರಲ್ಲಿ ದೊಡ್ಡ ಉಗ್ರಾಣಗಳು ಆ ಸೂಚನೆಯನ್ನೇ ಮುಚ್ಚಿಹಾಕಿದ್ದವು. ಇದನ್ನು ಮೊದಲು ಬಯಲಿಗೆಳೆದವರಲ್ಲಿ ಒಬ್ಬರು ಜಿಮ್ ಗೆಟಿಸ್. ಅವರು ೨೦೧೦ರಲ್ಲಿ ತಮ್ಮ ಮನೆಯಿಂದ ದೊಡ್ಡ ಕಡತವೊಂದನ್ನು ಕಳುಹಿಸುತ್ತ ಅಳತೆ ಹಿಡಿದರು. ಒಂದು ಸೆಕೆಂಡಿಗೂ ಮೀರಿದ ವಿಳಂಬ ಕಂಡಿತು. ನಾವಿದನ್ನು ಕೇಳಿ ನಕ್ಕೆವು. ಜಗತ್ತಿನ ಜಾಲದ ಕಾಯಿಲೆ ಪತ್ತೆಯಾದದ್ದೂ ನಮ್ಮಂಥದೇ ಒಂದು ಮನೆಯಲ್ಲಿ! ಅವರು ಆ ಕಾಯಿಲೆಗೆ ಇಟ್ಟ ಹೆಸರು ‘ಬಫರ್‌ಬ್ಲೋಟ್’. ನಮ್ಮ ಮಾತಿನಲ್ಲಿ ಉಗ್ರಾಣದ ಹೊಟ್ಟೆಯುಬ್ಬರವೆನ್ನಬಹುದು.

೨೦೧೨ರ ಮೇಯಲ್ಲಿ ಕ್ಯಾಥ್ಲೀನ್ ನಿಕೊಲ್ಸ್ ಎಂಬ ವಿದುಷಿಯೂ ಅದೇ ವ್ಯಾನ್ ಜೇಕಬ್ಸನ್‌ರೂ ಸೇರಿ ಮದ್ದೊಂದನ್ನು ಪ್ರಕಟಿಸಿದರು. ಅದರ ಸೊಗಸು ನಮಗೂ ತಿಳಿಯಿತು. ಸಾಲು ಎಷ್ಟು ಉದ್ದವಿದೆಯೆಂದು ನೋಡಬೇಡ. ಸಾಲಿನಲ್ಲಿ ನಿಂತವರು ಎಷ್ಟು ಹೊತ್ತು ಕಾದರೆಂದು ನೋಡು. ಸ್ವಲ್ಪ ಹೊತ್ತಿನ ಗುಂಪು ಕೆಟ್ಟದ್ದಲ್ಲ, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಗುಂಪಾಗುವುದು ಸಹಜ. ಆದರೆ ೧೦೦ ಮಿಲಿಸೆಕೆಂಡಿನ ಅವಧಿಯಲ್ಲಿ ಒಮ್ಮೆಯಾದರೂ ಕಾಯುವ ಹೊತ್ತು ೫ ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಅದು ಗುಂಪಲ್ಲ, ಜಡ್ಡುಗಟ್ಟಿದ ಸಾಲು. ಆಗ ಒಂದು ಪೊಟ್ಟಣವನ್ನು ಬೀಳಿಸಿ ಕಳುಹಿಸುವವನಿಗೆ ಸೂಚನೆ ಕೊಡು. ಇಷ್ಟೆ. ಎರಿಕ್ ಡುಮಾಜೆ ಎಂಬವರು ಕೆಲವೇ ದಿನಗಳಲ್ಲಿ ಇದಕ್ಕೆ ಇನ್ನೊಂದು ನೀತಿಯನ್ನು ಕೂಡಿಸಿ ಲಿನಕ್ಸಿಗಾಗಿ ಬರೆದರು. ಒಬ್ಬೊಬ್ಬರ ಮಾತಿಗೂ ಒಂದೊಂದು ಸಾಲು. ಕಡಮೆ ಹೊರೆಯೊಂದಿಗೆ ಹೊಸತಾಗಿ ಬಂದವರಿಗೆ ಮೊದಲ ಸರದಿ. ಹಿಟ್ಟಿನ ಮಿಲ್ಲಿನಲ್ಲಿ ಹಬ್ಬದ ಮೂಟೆಗಳ ನಡುವೆ ಸೇರು ಅಕ್ಕಿ ಹಿಡಿದು ನಿಂತ ಮುದುಕಿಯನ್ನು ಮುಂದೆ ಬಿಡುವಂತೆ. ಮುದುಕಿ ಬೇಗ ಮನೆ ಸೇರುತ್ತಾಳೆ. ಮೂಟೆಯವನಿಗೆ ಆದ ನಷ್ಟ ಅವನಿಗೇ ತಿಳಿಯುವುದಿಲ್ಲ. ಅದೇ ವರ್ಷದ ಜುಲೈಯಲ್ಲಿ ಹೊರಬಂದ ಲಿನಕ್ಸಿನ ೩.೫ನೆಯ ಆವೃತ್ತಿಯಲ್ಲಿ ಅದು ಸೇರಿತು.

ಬರೆದರೆ ಮುಗಿಯಿತೆಂದು ನಾವು ತಿಳಿದಿದ್ದೆವು. ಮುಗಿಯುವುದಿಲ್ಲವಂತೆ. ಸಾವಿರ ಬಗೆಯ ಪೆಟ್ಟಿಗೆಗಳಿವೆ. ಪ್ರತಿಯೊಂದರ ಚಿಪ್ಪು ಬೇರೆ, ವೈಫೈಯ ಕೊಂಬು ಬೇರೆ. ಲಿನಕ್ಸ್ ಮೇಲಿಂದ ಮೇಲೆ ಹೊಸದಾಗುತ್ತದೆ. ಹೊಸತರಲ್ಲಿ ಹಳೆಯ ಪೆಟ್ಟಿಗೆ ಓಡದೆ ಹೋಗುತ್ತದೆ. ಯಾರಾದರೂ ಕುಳಿತು ಸರಿಪಡಿಸಬೇಕು. ಕಳ್ಳರು ಹೊಸ ಕಿಂಡಿಗಳನ್ನು ಹುಡುಕುತ್ತಾರೆ. ೨೦೧೭ರ ಅಕ್ಟೋಬರ ಒಂದರಲ್ಲಿಯೇ ಅಂಥ ಎರಡು ಸುದ್ದಿ. ನಮ್ಮ ಪೆಟ್ಟಿಗೆಯಂಥವುಗಳಲ್ಲಿ ಹೆಸರನ್ನು ವಿಳಾಸಕ್ಕೆ ತಿರುಗಿಸಿಕೊಡುವ ‘ಡಿಎನ್‌ಎಸ್‌ಮಾಸ್ಕ್’ ಎಂಬ ಸಣ್ಣ ತಂತ್ರಾಂಶದಲ್ಲಿ ಏಳು ದೋಷಗಳನ್ನು ಗೂಗಲ್ಲಿನವರು ಕಂಡುಹಿಡಿದರು. ಅದೇ ತಿಂಗಳು ವೈಫೈಯ ಬೀಗದಲ್ಲಿಯೇ ಬಿರುಕು ಬಯಲಾಯಿತು. ಆ ಸಣ್ಣ ತಂತ್ರಾಂಶವನ್ನು ಎರಡು ದಶಕಗಳಿಗೂ ಮೀರಿ ಬಹುಮಟ್ಟಿಗೆ ಒಬ್ಬರೇ, ಸೈಮನ್ ಕೆಲಿ ಎಂಬ ಆಂಗ್ಲರು, ನೋಡಿಕೊಂಡು ಬಂದಿದ್ದಾರೆ. ಲೋಕದ ಎಷ್ಟು ಮನೆಗಳ ಜಗಲಿಯಲ್ಲಿ ಅವರ ಕೆಲಸ ಮಿಣುಕುತ್ತಿದೆಯೆಂದು ಯೋಚಿಸಿದರೆ ನಮಗೆ ತಲೆ ತಿರುಗುತ್ತದೆ.

ಇದನ್ನು ಕೇಳುವಾಗ ನಮ್ಮಿಬ್ಬರ ಮನಸ್ಸಿಗೂ ಒಂದೇ ಸಲ ಬಂದದ್ದು ತೋಡಿನ ಕಟ್ಟ.

ಘಟ್ಟದ ಮೇಲಿನವರಿಗೂ ಬಯಲುಸೀಮೆಯವರಿಗೂ ಕಟ್ಟವೆಂದರೆ ಏನೆಂದು ಹೇಳಬೇಕಾದೀತು. ಮಳೆಗಾಲ ಮುಗಿದು ತೋಡು ಇಳಿದ ಮೇಲೆ, ನವೆಂಬರ ಡಿಸೆಂಬರದ ಹೊತ್ತಿಗೆ, ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣು ಪೇರಿಸಿ ನೀರನ್ನು ನಿಲ್ಲಿಸುತ್ತೇವೆ. ಈಚೆಗೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಸುವುದುಂಟು. ನಿಂತ ನೀರು ನೆಲಕ್ಕೆ ಇಂಗುತ್ತದೆ. ಕೆಳಗಿನವರ ಬಾವಿ ಏರುತ್ತದೆ, ಗುಡ್ಡದ ಸುರಂಗದಲ್ಲಿ ಒರತೆ ಉಳಿಯುತ್ತದೆ, ಮೇಯವರೆಗೆ ಅಡಕೆ ಹಸಿರಾಗಿರುತ್ತದೆ. ಜೂನಿನ ಮೊದಲ ನೆರೆಯಲ್ಲಿ ಅದು ಕೊಚ್ಚಿಹೋಗುತ್ತದೆ. ಹೋಗಬೇಕಾದದ್ದೇ. ಮತ್ತೆ ಡಿಸೆಂಬರದಲ್ಲಿ ಕಟ್ಟಬೇಕು. ಕಟ್ಟ ಯಾರ ಹೆಸರಿನಲ್ಲಿಯೂ ಇಲ್ಲ, ಯಾವ ಪಟ್ಟೆಯಲ್ಲಿಯೂ ಇಲ್ಲ. ಏತಡ್ಕದ ಕಡೆಯವರು ಸಾಲು ಕಟ್ಟಗಳನ್ನು ಕಟ್ಟಿ ಈ ವಿಷಯದಲ್ಲಿ ಹೆಸರು ಪಡೆದಿದ್ದಾರೆ. ನಮ್ಮ ತೋಡಿನಲ್ಲಿ ನಾವು ಬಲ್ಲಂತೆ ಹಿಂದೆ ಹದಿನಾಲ್ಕು ಮನೆಗಳಿಂದ ಆಳು ಬರುತ್ತಿತ್ತು. ಈಗ ಐದು. ಉಳಿದ ಮನೆಗಳವರಿಗೆ ಕೊಳವೆ ಬಾವಿಯಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕಟ್ಟದ ನೀರು ಅವರ ಕೊಳವೆ ಬಾವಿಗೂ ಇಳಿಯುತ್ತದೆಂಬುದನ್ನು ಅವರು ಅಲ್ಲಗಳೆಯುವುದಿಲ್ಲ. ನಮ್ಮನ್ನು ಕಂಡಾಗ “ನಿಮ್ಮ ಕಟ್ಟ ಈ ವರ್ಷ ಒಳ್ಳೆಯದಾಗಿದೆ” ಎಂದು ಹೊಗಳುತ್ತಾರೆ. ‘ನಿಮ್ಮ’ ಎಂಬ ಆ ಒಂದು ಶಬ್ದ ಒಳಗೆ ಚುಚ್ಚುತ್ತದೆ. ೨೦೧೯ರಲ್ಲಿ ಬೇಸತ್ತು ಕಟ್ಟಲಿಲ್ಲ. ಮರುವರ್ಷದ ಏಪ್ರಿಲಿನಲ್ಲಿ ಸುರಂಗದ ಬಾಯಿ ಒಣಗಿದಾಗ, ಗಡಿ ಬೇರೆ ಮುಚ್ಚಿತ್ತು, ಆ ಬೇಸಿಗೆಯನ್ನು ನೆನೆಸುವುದೇ ಬೇಡ.

ಓಪನ್‌ಡಬ್ಲ್ಯುಆರ್‌ಟಿಯ ಹುಟ್ಟು ಕೂಡ ಹಂಚಿಕೊಳ್ಳುವ ಒಂದು ಕಟ್ಟಳೆಯಿಂದಲೇ. ಲಿಂಕ್‌ಸಿಸ್ ಎಂಬ ಕಂಪೆನಿ ತನ್ನ ‘ಡಬ್ಲ್ಯುಆರ್‌ಟಿ೫೪ಜಿ’ ಎಂಬ ಪೆಟ್ಟಿಗೆಯಲ್ಲಿ ಲಿನಕ್ಸನ್ನು ಬಳಸಿತ್ತು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಬಹುದು. ಆದರೆ ಮಾರುವವರು ತಾವು ತಿದ್ದಿದ ಮೂಲಬರಹವನ್ನು ಕೊಂಡವರಿಗೆ ಕೊಡಬೇಕೆಂಬುದು ಅದರ ಪರವಾನಗಿಯ ನಿಬಂಧನೆ. ತೋಡಿನ ನೀರನ್ನು ಬಳಸು, ಕೆಳಗಿನವನ ಕಾಲುವೆಯನ್ನು ಮುಚ್ಚಬೇಡ ಎಂದಂತೆ. ಒತ್ತಾಯ ಬಂದ ಮೇಲೆ ೨೦೦೩ರಲ್ಲಿ ಕಂಪೆನಿ ಆ ಬರಹವನ್ನು ಬಿಡುಗಡೆ ಮಾಡಿತು. ೨೦೦೪ರಲ್ಲಿ ಕೆಲವರು ಅದನ್ನೇ ಬೀಜವಾಗಿಟ್ಟುಕೊಂಡು ಈ ಕೆಲಸವನ್ನು ಆರಂಭಿಸಿದರು. ಹೆಸರಿನ ಬಾಲದಲ್ಲಿ ಇಂದಿಗೂ ಆ ಪೆಟ್ಟಿಗೆಯ ನೆನಪಿದೆ. ಕೆಲಸ ಮಾಡುವವರಲ್ಲಿ ಜಗಳವೂ ಆಗದೆ ಇರಲಿಲ್ಲ. ೨೦೧೬ರಲ್ಲಿ ಮನೆ ಒಡೆದು ಒಂದು ಗುಂಪು ‘ಲೀಡ್’ ಎಂಬ ಹೆಸರಿನಲ್ಲಿ ಬೇರೆ ಒಲೆ ಹೂಡಿತು. ೨೦೧೮ರ ಜನವರಿಯಲ್ಲಿ ಮತ್ತೆ ಒಂದಾದರು. ಹಿಸ್ಸೆಯಾದ ಮನೆಗಳು ಒಂದಾದುದನ್ನು ನಾವು ನಮ್ಮ ಸೀಮೆಯಲ್ಲಿ ಕಂಡದ್ದು ಕಡಿಮೆ. ಅದಕ್ಕಾಗಿಯೇ ಇದನ್ನು ಬರೆದೆವು.

ಇಂಥವರ ನಡುವೆ ಡೇವ್ ಟ್ಯಾಟ್ ಎಂಬ ಒಬ್ಬರ ವಿಷಯ ಬಂದಾಗ ಅಳಿಯನ ಧ್ವನಿಯೇ ಬೇರೆಯಾಗುತ್ತಿತ್ತು. ನಿಕರಾಗುವ ದೇಶದಲ್ಲಿದ್ದಾಗ ಅಲ್ಲಿ ನಿಸ್ತಂತು ಜಾಲಗಳನ್ನು ಕಟ್ಟುತ್ತ ಅವರು ಈ ವಿಳಂಬದ ಬೆನ್ನು ಹತ್ತಿದರು. ಗೆಟಿಸ್‌ರೊಂದಿಗೆ ಸೇರಿ ೨೦೧೧ರಿಂದ ಹೊಟ್ಟೆಯುಬ್ಬರದ ವಿರುದ್ಧ ಕೆಲಸವನ್ನು ಸಂಘಟಿಸಿದರು. ಓಪನ್‌ಡಬ್ಲ್ಯುಆರ್‌ಟಿಯನ್ನೇ ತೆಗೆದುಕೊಂಡು ‘ಸೆರೋಡಬ್ಲ್ಯುಆರ್‌ಟಿ’ ಎಂಬ ಪ್ರಯೋಗದ ಪಾತಿಯೊಂದನ್ನು ಮಾಡಿ, ಅದರಲ್ಲಿ ಹೊಸ ಮದ್ದುಗಳನ್ನು ನೂರು ಬಾರಿ ಸುರಿದು ನೋಡಿ, ಫಲಿಸಿದುದನ್ನು ಮೂಲಕ್ಕೆ ಸೇರಿಸಿದರು. ಕ್ಯಾಲಿಫೋರ್ನಿಯದ ತೀರದಲ್ಲಿ ದೋಣಿಯೊಂದರಲ್ಲಿ ವಾಸ. ಸಭೆಗಳಲ್ಲಿ ಶ್ರೋತೃಗಳನ್ನೇ ವೇದಿಕೆಗೆ ಕರೆದು, ಪೊಟ್ಟಣಗಳಂತೆ ಸಾಲಾಗಿ ನಿಲ್ಲಿಸಿ, ಯಾರು ಏಕೆ ಕಾಯುತ್ತಾರೆಂದು ಆಡಿ ತೋರಿಸುತ್ತಿದ್ದರಂತೆ. ಕೆಲವು ಅನುದಾನಗಳು ಬಂದವು, ಅಭಿಮಾನಿಗಳು ಸಣ್ಣ ಮೊತ್ತಗಳನ್ನು ಕಳುಹಿಸುತ್ತಿದ್ದರು. ಇಂದು ಲಿನಕ್ಸ್ ಓಡುವ ಲೆಕ್ಕವಿಲ್ಲದ ಯಂತ್ರಗಳಲ್ಲಿ ಆ ನೀತಿ ನೆಲಸಿದೆ. ಅದರಿಂದ ಹಣ ಗಳಿಸಿದವರು ಬೇರೆ.

ಇಲ್ಲಿ ನಮ್ಮ ಅಭಿಪ್ರಾಯವೊಂದನ್ನು ಹೇಳದಿರಲಾರೆವು. ಪುಕ್ಕಟೆ ಎಂಬುದು ಅಷ್ಟು ಒಳ್ಳೆಯ ಮಾತಲ್ಲ. ಪೆಟ್ಟಿಗೆ ತಯಾರಿಸುವ ಕಂಪೆನಿಗಳಲ್ಲಿ ಅನೇಕವು ಇದೇ ತಂತ್ರಾಂಶದ ಹಳೆಯ ಆವೃತ್ತಿಯನ್ನು ತೆಗೆದುಕೊಂಡು, ಮೇಲೆ ತಮ್ಮ ಬಣ್ಣ ಬಳಿದು ಮಾರುತ್ತವೆ. ಮಾರಿದ ಮೇಲೆ ತಿರುಗಿ ನೋಡುವುದಿಲ್ಲ. ಅವರನ್ನು ಬೈದು ಹಗುರಾಗುವುದು ಸುಲಭ. ಆದರೆ ಕಟ್ಟದ ಕೆಲಸಕ್ಕೆ ಬಾರದ ಒಂಬತ್ತು ಮನೆಗಳನ್ನು ಬೈಯುತ್ತಿದ್ದ ನಾವೇ ಈ ಇನ್ನೊಂದು ತೋಡಿನಲ್ಲಿ ಹತ್ತನೆಯ ಮನೆಯವರಾಗಿದ್ದೆವು. ಕೂಲಿಗೆ ಹೋಗದೆ, ಕಲ್ಲು ಹೊರದೆ, ನೀರು ಕುಡಿಯುತ್ತಿದ್ದೆವು. ಹಪ್ಪಳ ಕೊಟ್ಟೆವೆಂದು ಹೇಳಿಕೊಳ್ಳಬಹುದೇನೋ.

ಅಳಿಯನಿಗೆ ಇದನ್ನು ಹೇಳಿದೆವು. ಅವನು ನಕ್ಕು, ತಾನೂ ಹಾಗೆಯೇ ಇದ್ದೆನೆಂದ. ಆ ವರ್ಷ ನಮ್ಮ ಪೆಟ್ಟಿಗೆಯ ಬಗೆಗೆ ಬರೆದಿದ್ದ ಸೂಚನೆಯಲ್ಲಿ ಒಂದು ತಪ್ಪನ್ನು ಕಂಡು, ತಿದ್ದಿ ಕಳುಹಿಸಿದ. ಒಂದೇ ಸಾಲು. ಹಗ್ಗದ ಗಂಟು ಹೀಗಲ್ಲ ಹಾಗೆ ಎನ್ನುವಷ್ಟರದು. ನಾಲ್ಕನೆಯ ದಿನ ಯಾರೋ ಉತ್ತರಿಸಿದರು: ಸಾಲು ಸರಿ, ಆದರೆ ಏಕೆ ತಿದ್ದಿದೆಯೆಂದು ಸ್ಪಷ್ಟವಾಗಿ ಬರೆದು ಮತ್ತೆ ಕಳುಹಿಸು. ಕಳುಹಿಸಿದ. ಮತ್ತೊಂದು ಕುಂದು ಹೇಳಿದರು. ಮೂರನೆಯ ಬಾರಿ ಒಪ್ಪಿದರು. ಉತ್ತರಿಸಿದವರ ಹೆಸರಿತ್ತು, ಊರಿರಲಿಲ್ಲ. ಅವರ ಹೊತ್ತಿನಲ್ಲಿ ನಡುರಾತ್ರಿಯೆಂದು ಮಾತ್ರ ಅಳಿಯ ಲೆಕ್ಕ ಹಾಕಿದ. ಒಂದು ಸಾಲಿಗಾಗಿ ಅಪರಿಚಿತನೊಬ್ಬ ಮೂರು ರಾತ್ರಿ ಕುಳಿತದ್ದನ್ನು ಕೇಳಿ ನಮ್ಮಲ್ಲೊಬ್ಬರು, “ಅವರ ಮನೆಯವರು ಏನೆನ್ನುತ್ತಾರೋ!” ಎಂದರು. ಆ ಮಾತು ನಗೆಗೆ ಹುಟ್ಟಿದರೂ ನಗೆಯಾಗಿ ಉಳಿಯಲಿಲ್ಲ.

ಅವರಿಗೂ ಎಲ್ಲವನ್ನೂ ಹೊರಲಾಗುವುದಿಲ್ಲ. ನೆನಪು ಬಹಳ ಚಿಕ್ಕದಿರುವ ಪೆಟ್ಟಿಗೆಗಳಿಗೆ ಹೊಸ ಆವೃತ್ತಿಗಳು ಹಿಡಿಸುವುದಿಲ್ಲ. ಅಳಿಯ ಮೊದಲು ತಂದದ್ದು ಅಂಥದೇ. ಅದಕ್ಕೆ ಒಗ್ಗುತ್ತಿದ್ದ ೧೯.೦೭ ಎಂಬ ಆವೃತ್ತಿಯ ಪೋಷಣೆ ೨೦೨೨ರಲ್ಲಿ ನಿಂತಿತು. ಅದನ್ನು ಅಟ್ಟಕ್ಕೆ ಏರಿಸಿ ಈಗಿನ ಬಿಳಿಯ ಪೆಟ್ಟಿಗೆಯನ್ನು, ಇದೂ ಯಾರೋ ಬಳಸಿ ಬಿಟ್ಟದ್ದೇ, ತಂದಿಟ್ಟ. ೨೦೨೪ರ ನವೆಂಬರದಲ್ಲಿ ಯೋಜನೆಯವರೇ ಇನ್ನೊಂದು ಸಂಸ್ಥೆಯ ಜೊತೆಗೂಡಿ ‘ಓಪನ್‌ಡಬ್ಲ್ಯುಆರ್‌ಟಿ ಒನ್’ ಎಂಬ ತಮ್ಮದೇ ಪೆಟ್ಟಿಗೆಯನ್ನು ಹೊರತಂದರು. ಒಂದು ಮಾರಾಟವಾದರೆ ೧೦ ಡಾಲರು ಕೆಲಸದ ನಿಧಿಗೆ. ಮುಂದಿನ ಸಲ ಅದನ್ನೇ ಕೊಳ್ಳುವುದೆಂದು ನಿಶ್ಚಯಿಸಿ, ಅಡಕೆಯ ಹಣದಲ್ಲಿ ಒಂದಷ್ಟು ಬದಿಗಿಟ್ಟಿದ್ದೇವೆ.

ಡೇವ್ ಟ್ಯಾಟ್ ೨೦೨೫ರ ಏಪ್ರಿಲ್ ಒಂದರಂದು ತೀರಿಕೊಂಡರು. ಅಳಿಯ ಬೆಂಗಳೂರಿನಿಂದ ಕರೆ ಮಾಡಿ ಹೇಳಿದ. ಅವನು ಅವರನ್ನು ಎಂದೂ ಕಂಡವನಲ್ಲ. ಮಾತು ಬೇಗ ಮುಗಿಯಿತು. ಆದರೂ ಅವನು ಕರೆಯನ್ನು ಕಡಿಯಲಿಲ್ಲ. ನಾವೂ ಕಡಿಯಲಿಲ್ಲ. ಒಳಕೋಣೆಯಲ್ಲಿ, ಬೇಸಿಗೆಯ ರಜೆಗೆಂದು ಬಂದಿದ್ದ ಮೊಮ್ಮಗ, ಈಗ ಮೀಸೆ ಚಿಗುರುತ್ತಿರುವ ಹುಡುಗ, ಯಾವುದೋ ಆಟದ ದೊಡ್ಡ ಕಡತವನ್ನು ಇಳಿಸಿಕೊಳ್ಳುತ್ತಿದ್ದ. ಅಳಿಯನ ಮುಖ ಒಮ್ಮೆಯೂ ಕಲ್ಲಾಗಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡದ್ದೂ, ಪಕ್ಕದಲ್ಲಿದ್ದ ಚಹಾದ ಲೋಟವನ್ನು ಎತ್ತಿ ಕುಡಿಯದೆ ಕೆಳಗಿಟ್ಟದ್ದೂ ಆದ ಹೊತ್ತಿಗೇ ಕಂಡವು.

ಆ ಡಿಸೆಂಬರದ ಎರಡನೆಯ ಆದಿತ್ಯವಾರ ಕಟ್ಟ ಕಟ್ಟಿದೆವು. ಐದು ಮನೆಗಳಿಂದ ಏಳು ಜನ; ಅಳಿಯನೂ ರಜೆ ಹಾಕಿ ಬಂದಿದ್ದ. ಮೊಮ್ಮಗನನ್ನು ಅವನಮ್ಮ ತಲಪಾಡಿಯ ದಾರಿಯಾಗಿಯೇ ಬೆಳಗ್ಗೆ ಕರೆತಂದು ಬಿಟ್ಟಳು. ಕಲ್ಲು ಹೊರಲು ನಮಗಿಬ್ಬರಿಗೂ ಆಗದು. ದಂಡೆಯಲ್ಲಿ ಕುಳಿತು, ಕೋಡಿ ಎಲ್ಲಿಡಬೇಕೆಂದು ಹೇಳಿದೆವು. ಮಧ್ಯಾಹ್ನ ಊಟವಾದ ಮೇಲೆ ಅಳಿಯ ಕೈ ತೊಳೆದು ಬಂದು ಪೆಟ್ಟಿಗೆಗೆ ಹೊಸ ಆವೃತ್ತಿಯನ್ನು ಹಾಕಿದ. ಎರಡು ಮೂರು ನಿಮಿಷ ಹಸಿರು ದೀಪ ಆರಿತ್ತು. ಮೊಮ್ಮಗ ಅದರ ಮುಂದೆ ನಿಂತು, ಹಾಕುವುದು ಹೇಗೆಂದು ತನಗೂ ತೋರಿಸಬೇಕೆಂದು ಕೇಳುತ್ತಿದ್ದ. ಅವನ ಮೊಣಕಾಲಿನವರೆಗೆ ತೋಡಿನ ಕೆಸರು ಹಾಗೆಯೇ ಇತ್ತು, ಜಗಲಿಯೆಲ್ಲ ಹೆಜ್ಜೆ.